ಕಾಣದ ತುಕ್ಕು

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವ ನಾವು, ಸೇತುವೆಯನ್ನಂತೂ ದಾಟುತ್ತಿರುವಾಗಲೇ ಮರೆತಿರುತ್ತೇವೆ. ಅದನ್ನು ಯಾರು ಕಟ್ಟಿದರು, ಹೇಗೆ ಕಟ್ಟಿದರು ಎಂದು ಕೇಳುವುದು ಅದು ಬಿದ್ದ ದಿನ.

ಇಟಲಿಯ ಜಿನೋವಾ ನಗರದಲ್ಲಿ ಪೋಲ್ಚೆವೆರಾ ನದಿಯ ಮೇಲಿದ್ದ ಸೇತುವೆಯ ಒಂದು ಭಾಗ 2018ರ ಆಗಸ್ಟ್ 14ರಂದು ಜೋರು ಮಳೆಯಲ್ಲಿ ಕುಸಿಯಿತು. 43 ಜನ ಸತ್ತರು. ರಿಕಾರ್ಡೊ ಮೊರಾಂಡಿ ವಿನ್ಯಾಸ ಮಾಡಿದ್ದ ಅದು 1967ರಲ್ಲಿ ಸಂಚಾರಕ್ಕೆ ತೆರೆದಿತ್ತು. ಕಾಂಕ್ರೀಟಿನೊಳಗೆ ಉಕ್ಕಿಗೆ ಹಿಡಿಯುವ ತುಕ್ಕಿನ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ಕುಸಿತ ಪಾಠದಷ್ಟು ಪರಿಚಿತ. ಈಚೆಗೆ ನನ್ನನ್ನು ಹೆಚ್ಚು ಕಾಡುತ್ತಿರುವುದು ಮಾತ್ರ ಅದರ ಜಾಗದಲ್ಲಿ ಎಂಥ ಸೇತುವೆ ಕಟ್ಟಿದರು ಎಂಬುದು.

ಹಳೆಯ ಸೇತುವೆಯಲ್ಲಿ ಮೂರು ಎತ್ತರದ ಗೋಪುರಗಳಿದ್ದವು. ಒಂದೊಂದರಿಂದಲೂ ಇಳಿದ ನಾಲ್ಕೇ ನಾಲ್ಕು ಓರೆ ತೋಳುಗಳು ರಸ್ತೆಯನ್ನು ಎತ್ತಿ ಹಿಡಿದಿದ್ದವು. ತೋಳಿನೊಳಗಿನ ಉಕ್ಕಿಗೆ ರಕ್ಷಣೆಯಾಗಲೆಂದು ಸುತ್ತ ಕಾಂಕ್ರೀಟ್ ಹಾಕಿದ್ದರು. ಆ ರಕ್ಷಣೆಯೇ ಪರದೆಯಾಯಿತು. ಒಳಗಿನ ತುಕ್ಕು ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ಕಡಲ ಉಪ್ಪುಗಾಳಿ ಸೇತುವೆಯನ್ನು ಕೆಡಿಸುತ್ತಿದೆ ಎಂದು ಮೊರಾಂಡಿಯವರೇ 1979ರಲ್ಲಿ ಬರೆದಿದ್ದರು. 1990ರ ದಶಕದಲ್ಲಿ ಒಂದು ಗೋಪುರದ ತೋಳುಗಳಿಗೆ ಹೊರಗಿನಿಂದ ಹೊಸ ಕೇಬಲ್ ಕಟ್ಟಿದರು. 2018ರಲ್ಲಿ ಬಿದ್ದದ್ದು ಬೇರೆ ಗೋಪುರ.

ಮತ್ತೆ ಕೇಬಲ್ ಸೇತುವೆಯನ್ನೇ ಕಟ್ಟಬಹುದಿತ್ತು. ಈಗಿನವುಗಳಲ್ಲಿ ಕೇಬಲ್‌ಗಳು ಹತ್ತಾರು. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಆದರೆ ಜಿನೋವಾದವರೇ ಆದ ವಾಸ್ತುಶಿಲ್ಪಿ ರೆನ್ಜೊ ಪಿಯಾನೊ ಕೊಟ್ಟದ್ದು ಗೋಪುರವಿಲ್ಲದ, ತೂಗು ಇಲ್ಲದ ವಿನ್ಯಾಸ: 18 ಕಂಬಗಳು, ಅವುಗಳ ಮೇಲೆ 1067 ಮೀಟರ್ ಉದ್ದದ ಉಕ್ಕಿನ ತೊಲೆ. ಕಂಬದಿಂದ ಕಂಬಕ್ಕೆ 50 ಮೀಟರ್; ನದಿ, ರೈಲು ಹಳಿಗಳಿರುವ ಕಡೆ ಮೂರು ಅಂಕಣಗಳು ಮಾತ್ರ 100 ಮೀಟರ್. ತೊಲೆಯೊಳಗೆ ತೇವ ತೆಗೆಯುವ ಯಂತ್ರಗಳು, ತಪಾಸಣೆಗೆ ರೋಬೋಗಳು. 2020ರ ಆಗಸ್ಟಿನಲ್ಲಿ ಸಂಚಾರ ಶುರುವಾಯಿತು.

ನಮ್ಮ ಲ್ಯಾಬಿನ ಜೂನಿಯರ್ ಒಬ್ಬಳಿಗೆ ಇದು ಸಪ್ಪೆ. "ಅಕ್ಕಾ, ಹಳೇದು ನೋಡಿದ್ರೆ ಮೈ ಜುಮ್ ಅನ್ನುತ್ತೆ. ಇದು ಯಾವ ಊರಿನ ಫ್ಲೈಓವರ್ ಬೇಕಾದ್ರೂ ಆಗಬಹುದು" ಅಂದಳು. ಪಕ್ಕದಲ್ಲಿದ್ದ ನಮ್ಮ ಗೈಡ್ ಕೇಳಿದ್ದು ಒಂದೇ ಮಾತು: "ಒಂದು ತೋಳು ಹೋದರೆ ಉಳಿದವು ಏನು ಮಾಡುತ್ತವಮ್ಮಾ?" ಹಳೆಯ ಸೇತುವೆಯ ಬಳಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಅವಳ ಮಾತನ್ನೂ ನಾನು ತಳ್ಳಿಹಾಕಲಾರೆ. ನನ್ನಂಥವರು ಈ ಓದಿಗೆ ಬರುವುದೇ ಅಂಥ ಫೋಟೊಗಳಿಗೆ ಮರುಳಾಗಿ. ಆದರೂ ನಾನು ಆ ಸಪ್ಪೆ ಸೇತುವೆಯ ಕಡೆಗೇ. ಸೇತುವೆಯ ಮಾದರಿಯನ್ನು ಆರಿಸುವುದೆಂದರೆ ಮುಂದಿನ ಐವತ್ತು ವರ್ಷ ಅದನ್ನು ನೋಡಿಕೊಳ್ಳುವವರಿಗೆ ಕೆಲಸ ಹಂಚುವುದು. ಅವರಲ್ಲಿ ಯಾರೋ ಒಬ್ಬರು ಯಾವತ್ತೋ ಉದಾಸೀನ ಮಾಡಿಯೇ ಮಾಡುತ್ತಾರೆ. ಆ ಒಂದು ಉದಾಸೀನಕ್ಕೆ ರಸ್ತೆ ಬೀಳಬಾರದು. ಹಾಗೆಂದು ಹೊಸ ತೊಲೆಯೇನೂ ಚಿರಂಜೀವಿಯಲ್ಲ. ಅದೇ ಕಡಲು, ಅದೇ ಉಪ್ಪು. ರೋಬೋ ಕಳಿಸಿದ ವರದಿಯನ್ನು ಯಾರಾದರೂ ಕೂತು ಓದಲೇಬೇಕು.