ಹಾಡುವ ಪೆಟ್ಟಿಗೆಗಳು

ಯಾವ ಮಾತಿಗೆ ಎಲ್ಲಿ ಜಾಗ ಎಂಬುದನ್ನು ಯಾವ ಊರಿನಲ್ಲೂ ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಮಳೆ ಬೆಳೆಯ ಮಾತಿಗೆ ಹೊಲದ ಬದು, ರಾಜಕೀಯಕ್ಕೆ ಕ್ಷೌರದ ಅಂಗಡಿ, ಮದುವೆಯ ಸಂಬಂಧಕ್ಕೆ ಜಾತ್ರೆ. ಈ ಮೂರಕ್ಕೂ ಸೇರದ, ಯಾರಿಗೂ ನಾಲ್ಕು ಕಾಸಿನ ಲಾಭವಿಲ್ಲದ, ಆದರೆ ಬಿಟ್ಟರೆ ದಿನವೇ ಸಪ್ಪಗಾಗುವ ಮಾತಿಗೆ ಚಹಾದ ಅಂಗಡಿಯ ಮುಂದಿನ ಕಟ್ಟೆಯೇ ಗತಿ. ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಂಥ ಗಡಿ ಸೀಮೆಯ ಊರುಗಳಲ್ಲಿ ಈ ಹರಟೆಗೆ ಇನ್ನೊಂದು ರುಚಿಯೂ ಇದೆ. ಒಂದೇ ಮಾತಿನೊಳಗೆ ಕನ್ನಡ, ಮರಾಠಿ, ಉರ್ದು ಮೂರೂ ಜಗಳವಿಲ್ಲದೆ ಕುಳಿತಿರುತ್ತವೆ.

ಅಂಥದೊಂದು ಕಟ್ಟೆಗೆ ಖಾಯಂ ಗಿರಾಕಿಗಳು ನಾಲ್ವರು. ಒಂದೇ ಶಾಲೆಯಲ್ಲಿ ಒಂದೇ ಛಡಿಯ ಏಟು ತಿಂದವರು. ಈಗ ಅರವತ್ತು ದಾಟಿದವರು. ಒಬ್ಬರು ಪೇಟಿ ಮಾಸ್ತರರು. ಸುತ್ತಲಿನ ಹಳ್ಳಿಗಳ ಜಾತ್ರೆಯ ನಾಟಕಗಳಿಗೆ ತಿಂಗಳುಗಟ್ಟಲೆ ತಾಲೀಮು ಮಾಡಿಸಿ, ನಾಟಕದ ರಾತ್ರಿ ರಂಗದ ಮುಂದೆ ಕುಳಿತು ಬೆಳಗಿನವರೆಗೆ ಹಾರ್ಮೋನಿಯಂ ನುಡಿಸಿದವರು. ಇನ್ನೊಬ್ಬರದು ಕಿರಾಣಿ ಅಂಗಡಿ. ಮೂರನೆಯವರು ರೇಡಿಯೊ ರಿಪೇರಿಯಿಂದ ಆರಂಭಿಸಿ, ಟೇಪ್ ರೆಕಾರ್ಡರ್ ದಾಟಿ, ಟೀವಿ ದಾಟಿ, ಈಗ ಮಗನ ಜೊತೆ ಮೊಬೈಲ್ ರಿಪೇರಿಗೆ ಬಂದು ನಿಂತವರು. ನಾಲ್ಕನೆಯವರು ನಿವೃತ್ತ ಬಸ್ ಕಂಡಕ್ಟರ್. ಊರೂರು ತಿರುಗಿದ್ದರಿಂದ ಯಾವ ಮಾತಿಗೂ ಒಂದು ಕತೆ ಜೋಡಿಸಬಲ್ಲವರು. ಸಂಜೆ ಐದಕ್ಕೆ ಮಿರ್ಚಿ ಭಜಿ, ಚುರುಮುರಿ, ಮೇಲೆ ಚಹಾ. ಮಾತಿಗೆ ಸಂಗೀತ, ನಾಟಕ, ಊಟ ಮತ್ತು ಮಾರುಕಟ್ಟೆಗೆ ಬಂದ ಹೊಸ ಯಂತ್ರ.

ಒಂದು ಸಂಜೆ ಕಿರಾಣಿ ಅಂಗಡಿಯವರು ಅಂಗೈಯಗಲದ ಡಬ್ಬಿಯೊಂದನ್ನು ತಂದು ಭಜಿಯ ತಟ್ಟೆಯ ಪಕ್ಕದಲ್ಲಿಟ್ಟರು. ಬೆಂಗಳೂರಿನಲ್ಲಿರುವ ಹಿರಿಯ ಮಗ ಕಳಿಸಿದ ಬ್ಲೂಟೂತ್ ಸ್ಪೀಕರ್. ತಂತಿಯಿಲ್ಲ, ಏನಿಲ್ಲ. ಜೇಬಿನ ಫೋನಿನಿಂದ ಹಾಡು ರೇಡಿಯೊ ಅಲೆಯಾಗಿ ಹೊರಟು, ಡಬ್ಬಿಯೊಳಗೆ ಹೊಕ್ಕು, ಭೀಮಸೇನ ಜೋಶಿಯವರ ಕಂಠವಾಗಿ ಹೊರಗೆ ಬಂತು. ತಟ್ಟೆಯಲ್ಲಿದ್ದ ಚುರುಮುರಿ ಸಣ್ಣಗೆ ನಡುಗಿತು.

“ಇದೇನೋ, ಹಿಂಡಿ ಡಬ್ಬಿ ಹಾಡ್ಲಾಕತ್ತದ!” ಎಂದರು ಪೇಟಿ ಮಾಸ್ತರರು. ಒಂದು ನಿಮಿಷ ಕೇಳಿ, ಮೆಚ್ಚಿ, ಆಮೇಲೆ ಮುಖ ಗಂಟಿಕ್ಕಿದರು. “ಇಂಥ ಡಬ್ಬಿ ಬಂದೇ ಹಾಡು ಕೆಟ್ಟಿದ್ದು. ಕೇಳೋರು ಹೆಚ್ಚಾದ್ರು, ಹಾಡೋರು ಹೋದ್ರು.”

“ನಿನ್ನ ಪೇಟಿ ಏನು ನಮ್ಮ ತೊಗರಿ ಹೊಲದಾಗ ಬೆಳೆದಿದ್ದೇನು?” ಎಂದು ರಿಪೇರಿಯವರು ತಿರುಗಿ ಕೇಳಿದರು.

ಪ್ರಶ್ನೆ ಚುಚ್ಚುವಂಥದೇ. ನಮ್ಮ ಭಜನೆ, ಕೀರ್ತನೆ, ನಾಟಕಗಳ ಹಳೆಯ ಆಸ್ತಿ ಎಂದು ಎಲ್ಲರೂ ತಿಳಿದಿರುವ ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1840ರ ಸುಮಾರಿಗೆ. ಕಾಲಿನಿಂದ ತಿದಿ ಒತ್ತುವ ಆ ದೊಡ್ಡ ಪೆಟ್ಟಿಗೆ ಹಡಗು ಹತ್ತಿ ಭಾರತಕ್ಕೆ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರಲ್ಲಿ ಅದನ್ನು ನೆಲದ ಮೇಲೆ ಕುಳಿತು, ಒಂದು ಕೈಯಿಂದ ತಿದಿ ಎಳೆಯುತ್ತ ಇನ್ನೊಂದರಿಂದ ನುಡಿಸುವಂತೆ ಮಾಡಿದರು. ಒಳಗಿರುವುದು ಹಿತ್ತಾಳೆಯ ಪುಟ್ಟ ನಾಲಿಗೆಗಳು. ತಿದಿಯ ಗಾಳಿ ಅವುಗಳನ್ನು ದಾಟುವಾಗ ನಾಲಿಗೆ ಕಂಪಿಸುತ್ತದೆ. ಉದ್ದ ನಾಲಿಗೆಗೆ ತಗ್ಗಿನ ಸ್ವರ, ಗಿಡ್ಡದಕ್ಕೆ ಎತ್ತರದ ಸ್ವರ.

ಈ ಹೊಸ ಯಂತ್ರವನ್ನು ಆಗಿನ ದೊಡ್ಡವರೂ ಬೈದದ್ದುಂಟು. ರವೀಂದ್ರನಾಥ ಠಾಕೂರರಿಗೆ ಅದು ಸೇರುತ್ತಿರಲಿಲ್ಲ. ಆಲ್ ಇಂಡಿಯಾ ರೇಡಿಯೊ 1940ರ ಮಾರ್ಚ್‌ನಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ಮೂವತ್ತು ವರ್ಷ ಕಳೆದು, 1971ರಲ್ಲಿ ಆ ಬಾಗಿಲು ಅರ್ಧ ತೆರೆಯಿತು. ಬೈಗುಳಕ್ಕೆ ಕಾರಣವೂ ಇತ್ತು. ಷಡ್ಜ ಸೆಕೆಂಡಿಗೆ 240 ಕಂಪನವೆಂದಿಟ್ಟುಕೊಂಡರೆ, ಶುದ್ಧ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದರೆ 300. ಹಾರ್ಮೋನಿಯಂ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುವುದರಿಂದ ಅದರ ಗಾಂಧಾರ 302 ದಾಟುತ್ತದೆ. ಕಾಗದದ ಮೇಲೆ ಎರಡು ಕಂಪನ ಏನೂ ಅಲ್ಲ. ಎರಡೂ ಸ್ವರವನ್ನು ಒಟ್ಟಿಗೆ ನುಡಿಸಿದರೆ ಮಾತ್ರ, ಸೆಕೆಂಡಿಗೆ ಎರಡು ಸಲ ನಾದ ಉಬ್ಬಿ ತಗ್ಗುವುದು ಕಿವಿಗೆ ತಿಳಿಯುತ್ತದೆ. ಅದೂ ಅಲ್ಲದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಈ ಪೆಟ್ಟಿಗೆಗೆ ಬಾರದು.

“ಅದು ಖರೇ,” ಎಂದು ಮಾಸ್ತರರು ಒಪ್ಪಿದರು. “ಅದಕ್ಕೇ ನಾ ಪೇಟಿ ಮ್ಯಾಲ ಬರೇ ದಾರಿ ತೋರಿಸ್ತಿದ್ದೆ. ಹಾಡು ಮಾತ್ರ ಬಾಯಿಲೇ ಕಲಿಸ್ತಿದ್ದೆ.”

ಹಾಗಿದ್ದರೂ ನಾಟಕಕ್ಕೆ ಪೇಟಿ ಬೇಕೇ ಬೇಕಿತ್ತು. ಮೈಕು ಬಾರದ ಕಾಲದಲ್ಲಿ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ, ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ನಟ ಎತ್ತರದ ಸ್ವರದಲ್ಲಿ ಹಾಡಬೇಕು. ಆ ಕಂಠಕ್ಕೆ ಸಮನಾಗಿ ನಿಲ್ಲುವ ದನಿ ಕಾಲುಪೇಟಿಯದು. ತಿದಿಯನ್ನು ಕಾಲು ನೋಡಿಕೊಂಡರೆ ಎರಡೂ ಕೈ ಸ್ವರದ ಮೇಲೆ. ‘ಒನ್ಸ್ ಮೋರ್’ ಎಂಬ ಇಂಗ್ಲಿಷ್ ಮಾತನ್ನು ಶಾಲೆಯ ಮೆಟ್ಟಿಲು ಹತ್ತದವರೂ ಕಲಿತದ್ದು ನಾಟಕದ ತಡಿಕೆಯ ಒಳಗೇ.

ಗಡಿಯ ಊರಾದ್ದರಿಂದ ಕಟ್ಟೆಯ ಮೇಲೆ ಆಗಾಗ ಒಂದು ವಾದ ಏಳುತ್ತದೆ: ನಾಟ್ಯಸಂಗೀತ ಯಾರದು, ನಮ್ಮದೋ ಮರಾಠಿಯವರದೋ? ಕಂಡಕ್ಟರರ ಉತ್ತರ ಸಿದ್ಧವಾಗಿರುತ್ತದೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಸೀತಾಸ್ವಯಂವರ ಆಡಿಸಿದ್ದು, ಕನ್ನಡ ಸೀಮೆಯಿಂದ ಹೋದ ಭಾಗವತರ ಆಟದ ಪ್ರೇರಣೆಯಿಂದ. ಮುಂದೆ 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಆಮೇಲೆ ಬಾಲಗಂಧರ್ವರ ಹಾಡುಗಳು ಗಡಿ ದಾಟಿ ಈ ಕಡೆಯ ಪೇಟಿಗಳನ್ನು ಸೇರಿದವು. “ಆಟ ಇತ್ತಕಡೆಯಿಂದ ಹೋಯ್ತು, ಹಾಡು ಅತ್ತಕಡೆಯಿಂದ ಬಂತು. ಬೀಗರ ಮನ್ಯಾಗ ಲೆಕ್ಕ ಬರೀತಾರೇನು?” ಕನ್ನಡದ ಸರದಿ ಬಂದರೆ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’, ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’. ಎರಡನೆಯದು 1974ರಲ್ಲಿ ಸಿನಿಮಾ ಆಗಿ, ರಾಜಕುಮಾರ್ ಅವರನ್ನು ಗಾಯಕರಾಗಿಯೂ ನೆಲೆಗೊಳಿಸಿತು.

ಇಷ್ಟರಲ್ಲಿ ಭಜಿ ಮುಗಿದಿರುತ್ತದೆ. ಮಾತು ಊಟಕ್ಕೆ ಹೊರಳುತ್ತದೆ. ತಾಲೀಮಿನ ದಿನಗಳಲ್ಲಿ ಮನೆಮನೆಯಿಂದ ಬರುತ್ತಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ, ಒರಳಿನಲ್ಲಿ ಕುಟ್ಟಿದ ಶೇಂಗಾ ಹಿಂಡಿ. ಮಿಕ್ಸರಿನ ಹಿಂಡಿಗೆ ಆ ರುಚಿಯಿಲ್ಲ ಎಂದು ಕಿರಾಣಿಯವರು. ಮಿಕ್ಸರಿನ ಬ್ಲೇಡು ಕತ್ತರಿಸುತ್ತದೆ, ಒನಕೆ ಜಜ್ಜುತ್ತದೆ. ಜಜ್ಜಿದಾಗ ಕಾಳಿನ ಎಣ್ಣೆ ಹೊರಬಂದು ಖಾರದ ಜೊತೆ ಬೆರೆಯುತ್ತದೆ ಎಂದು ರಿಪೇರಿಯವರು. ಮಾಸ್ತರರಿಗೆ ರೊಟ್ಟಿಯ ಯಂತ್ರದ ಮೇಲೆ ಸಿಟ್ಟು. ಗೋಧಿಯಂತೆ ಜಿಗಿಯಿಲ್ಲದ ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಹರಿಯದಂತೆ ಅಂಗೈಯಿಂದ ಬಡಿದು ಹಿಗ್ಗಿಸುವುದೇ ಒಂದು ವಿದ್ಯೆ. “ಆ ಸಪ್ಪಳದಾಗ ತಾಳ ಇತ್ತು. ಮಶೀನಿಗೆ ತಾಳ ಎಲ್ಲದ?”

ಒಳಗೆ ಚಹಾ ಸೋಸುತ್ತಿದ್ದ ಅಂಗಡಿಯ ಹೆಣ್ಣುಮಗಳು ಅಲ್ಲಿಂದಲೇ ಹೇಳಿದಳು: “ಕಾಕಾ, ತಾಳ ಕೇಳಿದ್ದು ನಿಮ್ಮ ಕಿವಿ. ನೊಂದಿದ್ದು ನಮ್ಮವ್ವನ ರಟ್ಟಿ.”

ನಾಲ್ವರೂ ಸುಮ್ಮನಾದರು. ಯಂತ್ರದಿಂದ ಏನು ಹೋಯಿತು ಎಂದು ಲೆಕ್ಕ ಹಾಕುವವರು, ಯಾರ ನೋವು ಹೋಯಿತು ಎಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕಲ್ಲವೇ?

ಮಾತು ಮತ್ತೆ ಹಾಡಿನ ಡಬ್ಬಿಗೆ ಬಂದಾಗ ರಿಪೇರಿಯವರು ಜೇಬಿನಿಂದ ಒಂದು ಹಳೆಯ ಫೋನು ತೆಗೆದರು. ಕಿರಾಣಿಯವರ ಮೊಮ್ಮಗನದು. ಹತ್ತನೆಯ ಇಯತ್ತೆಯ ಹುಡುಗ; ರಾತ್ರಿ ಹೊದಿಕೆಯೊಳಗೆ ಕಿವಿಗೆ ತಂತಿ ಸಿಕ್ಕಿಸಿಕೊಂಡಿದ್ದಾನೆ ಎಂದು ಅಪ್ಪ ಕಿತ್ತುಕೊಂಡಿದ್ದ. ಒಳಗಿನದನ್ನೆಲ್ಲ ಅಳಿಸಿ ಮಾರಿಬಿಡು ಎಂದು ಅಂಗಡಿಗೆ ತಂದು ಕೊಟ್ಟಿದ್ದ. ಅಳಿಸುವ ಮುಂಚೆ ಕೆಲಸಕ್ಕೆ ಬರುವುದೇನಾದರೂ ಇದೆಯೇ ಎಂದು ನೋಡುವುದು ರಿಪೇರಿಯವರ ವಾಡಿಕೆ.

“ಸಿನಿಮಾ ಇಲ್ಲ, ಆಟ ಇಲ್ಲ. ಮೂವತ್ತೊಂದು ಹಾಡು ಅವ. ಎಲ್ಲಾ ಇವಂದೇ,” ಎಂದು ಮಾಸ್ತರರ ಕಡೆ ಬೊಟ್ಟು ಮಾಡಿದರು. “ಒಂದು ಸಲ ಒತ್ತಿದ್ರ ಎಲ್ಲಾ ಹೋಗ್ತಾವ. ಒತ್ತಲೋ, ಬ್ಯಾಡೋ?”

ಮಾಸ್ತರರ ಹಾಡಿನ ವಹಿಗೆ ಗೆದ್ದಲು ಹಿಡಿದು ವರ್ಷಗಳಾಗಿದ್ದವು. ಅದರಲ್ಲಿದ್ದ ಹಾಡುಗಳು ಉಳಿದಿದ್ದು ಅವರ ನೆನಪಿನಲ್ಲಿ ಮಾತ್ರ. ಸಂಜೆ ಮನೆಯ ಪಡಸಾಲೆಯಲ್ಲಿ ಅವರು ಒಬ್ಬರೇ ಹಾಡಿಕೊಳ್ಳುವಾಗ, ಮೆಟ್ಟಿಲ ಮೇಲೆ ಕುಳಿತ ಹುಡುಗ ಅಭ್ಯಾಸ ಮಾಡುತ್ತಿದ್ದಾನೆ ಎಂದೇ ಅವರು ತಿಳಿದಿದ್ದರು.

ಕಿರಾಣಿಯವರು ನೆಲ ನೋಡುತ್ತಿದ್ದರು. “ಮಗಂದೂ ತಪ್ಪಿಲ್ಲ,” ಎಂದರು ಸಣ್ಣ ದನಿಯಲ್ಲಿ. “ಮಾರ್ಚಿನಾಗ ಪರೀಕ್ಷಾ. ಹಾಡು ಹೊಟ್ಟಿಗೆ ಹಾಕ್ತದೇನು?”

ಆಗ ಕಂಡಕ್ಟರರು ಗದಗಿನ ಕತೆ ತೆಗೆದರು. ಗುರುರಾಜಾಚಾರ್ಯ ಜೋಶಿ ಎಂಬ ಶಾಲಾ ಮಾಸ್ತರರ ಮಗ ಭಜನೆಯ ಸದ್ದು, ಬ್ಯಾಂಡಿನ ಸದ್ದು ಕೇಳಿದರೆ ಅದರ ಹಿಂದೆಯೇ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದ. ಬೇಸತ್ತ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರಂತೆ. ಆ ಹುಡುಗ ಅಂಗಡಿಯ ಗ್ರಾಮೊಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಠುಮರಿ ಕೇಳಿದ. ಒಂದು ಬದಿಗೆ ಮೂರು ನಿಮಿಷ ಹಾಡುವ ತಟ್ಟೆ ಅದು. ಆ ಮೂರು ನಿಮಿಷ ಅವನ ತಲೆ ಕೆಡಿಸಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಊಟದ ತುಪ್ಪಕ್ಕಾಗಿ ತಾಯಿಯೊಡನೆ ಮುನಿಸು ಮಾಡಿಕೊಂಡ ನೆಪದಲ್ಲಿ ಮನೆ ಬಿಟ್ಟು, ಗುರುವನ್ನು ಹುಡುಕುತ್ತ ಗ್ವಾಲಿಯರ್, ಜಾಲಂಧರ್ ಎಂದು ಅಲೆದ. ತಂದೆ ಹುಡುಕಿ ಕರೆತಂದರು. ಕೊನೆಗೆ ಕಲಿತದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಬಳಿ, ನೀರು ಹೊತ್ತು. ಆ ಗುರುಗಳೂ ನಾಟಕದ ರಂಗದ ಮೇಲೆ ಹಾಡಿ ಹೆಸರಾದವರು. ಅಬ್ದುಲ್ ಕರೀಂ ಖಾನರ ಶಿಷ್ಯರು.

“ಪೆಟ್ಟಿಗಿ ಹಸಿವು ಹಚ್ತು. ಉಣಿಸಿದ್ದು ಗುರು,” ಎಂದು ಕಂಡಕ್ಟರರು ಮುಗಿಸಿದರು. “ಮನಿ ಬಿಟ್ಟು ಓಡೋ ಪರಿಸ್ಥಿತಿ ನಿಮ್ಮ ಹುಡುಗಗ ಬ್ಯಾಡ. ಗುರು ಎರಡನೇ ಓಣ್ಯಾಗ ಅದಾನ.”

ಮಾಸ್ತರರು ಕೇಳಬೇಕೆಂದರು. ಹಿಂಡಿ ಡಬ್ಬಿಯಂಥ ಅದೇ ಸ್ಪೀಕರಿನಿಂದ ಅವರದೇ ದನಿ ಬಂತು. ನಡುನಡುವೆ ಕೆಮ್ಮು, ಹಿಂದೆ ಎಮ್ಮೆಯ ಕೂಗು. ಅದರ ಬೆನ್ನಿಗೇ ಹುಡುಗನ ದನಿ. ಅದೇ ಹಾಡು, ಅಂಜುತ್ತ, ಪಿಸುಮಾತಿನಲ್ಲಿ, ಹೊದಿಕೆಯೊಳಗೆ ಹಾಡಿದ್ದು. ಮಾಸ್ತರರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಹೊಗಳುತ್ತಾರೆಂದು ಗೆಳೆಯರು ಕಾದಿದ್ದರು.

“ಎರಡನೇ ಸಾಲಿನಾಗ ಗಾಂಧಾರ ಏರ್ಯಾದ. ಪ್ರತಿ ಸಲ ಅಲ್ಲೇ ತಪ್ಪ್ಯಾನ. ಫೋನಿಗೇನು ಗೊತ್ತು? ಅದು ತಪ್ಪೂ ಇಟಗೊಂತದ, ಒಪ್ಪೂ ಇಟಗೊಂತದ. ತಿದ್ದಂಗಿಲ್ಲ.” ಆಮೇಲೆ ಕಿರಾಣಿಯವರಿಗೆ ಹೇಳಿದರು: “ನಾಳಿ ಸಂಜೀಕೆ ಕಳಿಸು. ತಾಸು ಸಾಕು. ಓದೋದು ಬಿಡಸಂಗಿಲ್ಲ.”

ಆ ರಾತ್ರಿ ಅಜ್ಜ ಮಗನಿಗೆ ಬುದ್ಧಿ ಹೇಳಲಿಲ್ಲ; ಅವನ ಮುಂದೆ ಆ ಹಾಡನ್ನು ಹಚ್ಚಿದರು, ಅಷ್ಟೆ. ಅಪ್ಪ ತಡವಾಗಿ ಒಂದೇ ಮಾತು ಕೇಳಿದ: “ಇದು ನಮ್ಮವನ ದನಿಯಾ?” ಒಪ್ಪಂದವಾಯಿತು. ಫೋನು ಅಜ್ಜನ ಗಲ್ಲೆಯಲ್ಲಿರುವುದು. ಸಂಜೆ ಒಂದು ತಾಸು ಮಾಸ್ತರರ ಮನೆಗೆ. ಒಂಬತ್ತರ ಮೇಲೆ ಪುಸ್ತಕ. ಅಂಕ ಕಡಿಮೆಯಾದರೆ ಮತ್ತೆ ಮಾತಾಡುವುದು. ರಿಪೇರಿಯವರು ಮೂವತ್ತೊಂದು ಹಾಡನ್ನೂ ಮೂರು ಮೆಮೊರಿ ಕಾರ್ಡಿಗೆ ಇಳಿಸಿ ಮೂರು ಮನೆಯಲ್ಲಿಟ್ಟರು. ಗೆದ್ದಲು ವಹಿಯನ್ನು ತಿಂದರೆ, ಕಾರ್ಡು ಯಾವ ಸೂಚನೆಯನ್ನೂ ಕೊಡದೆ ಕೆಡುತ್ತದೆ ಎಂಬುದು ಅವರಿಗೆ ಗೊತ್ತು.

ಮೊದಲ ಪಾಠಕ್ಕೆ ಹುಡುಗ ಪೇಟಿಯ ಮುಂದೆ ಕುಳಿತ. ಮಾಸ್ತರರು ಅದರ ತಿದಿ ಮುಚ್ಚಿ, ಫೋನಿನಲ್ಲಿ ತಂಬೂರಿ ಹಚ್ಚಲು ಹೇಳಿದರು. 1970ರ ದಶಕದ ಕೊನೆಗೆ ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದ್ದರು. ಈಗ ತಂಬೂರಿಯ ನಾದವೇ ಫೋನಿನೊಳಗೆ ಸಿಗುತ್ತದೆ. ಷಡ್ಜದ ತಂತಿ ಮೀಟಿದಾಗ ಅದರೊಳಗೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಕಂಪನಗಳೂ ಏಳುತ್ತವೆ. ಐದು ಪಟ್ಟಿನದು ಯಾವುದೆಂದರೆ, ಎರಡು ಸಪ್ತಕ ಮೇಲಿನ ಶುದ್ಧ ಗಾಂಧಾರ. ಅದನ್ನು ಯಾರೂ ನುಡಿಸುವುದಿಲ್ಲ, ತಾನೇ ಹುಟ್ಟುತ್ತದೆ. ಪೇಟಿಯಲ್ಲಿ ಸಿಗದ ಆ ಸ್ವರವನ್ನು ಮಾಸ್ತರರು ಫೋನಿನೊಳಗೆ ಹುಡುಕಿ, ಹುಡುಗನಿಗೆ ಬೆರಳೆತ್ತಿ ತೋರಿಸಿದರು.

“ಕೇಳು. ಬರ್ಲಾಕತ್ತದ ನೋಡು. ಅದರಾಗ ಕೂಡು.”

ಹುಡುಗ ಕೂಡಿದ. ಏರಿತು, ಇಳಿಯಿತು, ಮತ್ತೆ ಏರಿತು. ಆ ತಾಸಿನಲ್ಲಿ ಅವನು ಕಲಿತದ್ದು ಒಂದೇ ಸ್ವರ.