ಕೋಟೆಯ ಇಗರ್ಜಿ, ವಲಸೆ ಬಂದವರ ಇಗರ್ಜಿ

2023ರ ಜೂನ್ ಮೊದಲ ವಾರದಲ್ಲಿ ಕೊಲ್ಲಾಪುರದಲ್ಲಿ ಗಲಭೆಯಾಯಿತು. ಕೆಲವು ಹುಡುಗರು ಮೊಬೈಲಿನ ಸ್ಟೇಟಸ್‌ನಲ್ಲಿ ಟಿಪ್ಪು ಸುಲ್ತಾನನ ಚಿತ್ರ ಹಾಕಿದ್ದರು ಎಂಬಲ್ಲಿಂದ ಶುರುವಾದದ್ದು ಕಲ್ಲುತೂರಾಟ, ಲಾಠಿ ಪ್ರಹಾರ, ಅಶ್ರುವಾಯುವಿನವರೆಗೆ ಹೋಯಿತು. ಇಂಟರ್ನೆಟ್ ಬಂದ್ ಆಯಿತು. ನಮ್ಮ ಕೊಗನೊಳ್ಳಿಗೆ ಕೊಲ್ಲಾಪುರ ದೂರದ ಊರಲ್ಲ. ದೂಧಗಂಗೆಯ ಸೇತುವೆ ದಾಟಿದರೆ ಕಾಗಲ್, ಕಾಗಲ್ ದಾಟಿದರೆ ಕೊಲ್ಲಾಪುರ. ದವಾಖಾನೆಗೆ, ಬಟ್ಟೆಬರೆಗೆ, ಮದುವೆಯ ಸಾಮಾನಿಗೆ ನಾವು ಹೋಗುವುದು ಅಲ್ಲಿಗೇ. ಆ ವಾರ ಯಾರೂ ಸೇತುವೆ ದಾಟಲಿಲ್ಲ. ಮನೆಮನೆಯಲ್ಲಿ ಹಿರಿಯರು ಹುಡುಗರ ಮೊಬೈಲು ಕೈಗೆ ತೆಗೆದುಕೊಂಡು ಏನೇನಿದೆ ಎಂದು ನೋಡಿದರು.

ಹೀಗೆ ನೋಡುವಾಗ ಹುಟ್ಟಿದ ಮಾತುಗಳಲ್ಲಿ ಒಂದು ನಮ್ಮನ್ನು ಬಿಡಲಿಲ್ಲ. ಟಿಪ್ಪುವಿನ ಹೆಸರು ಬಂದರೆ ನಮ್ಮ ಸುತ್ತಮುತ್ತ ಎರಡೇ ಬಗೆಯ ಮಾತು. ಒಂದು, ಅವನೊಬ್ಬ ಮತಾಂಧ, ಮಂದಿರ ಚರ್ಚುಗಳನ್ನು ಕೆಡವಿದವನು. ಇನ್ನೊಂದು, ಇದೆಲ್ಲ ಬ್ರಿಟಿಷರು ಕಟ್ಟಿದ ಕಥೆ, ಒಂದು ಕಲ್ಲನ್ನೂ ಅವನು ಮುಟ್ಟಿಲ್ಲ. ಮೊದಲನೆಯದನ್ನು ಹೇಳುವವರಿಗೆ ಇತಿಹಾಸ ಬೇಕಿಲ್ಲ, ನಾವು ಬೇಕು. ಎರಡನೆಯದನ್ನು ಹೇಳುವವರು ನಾವೇ. ಹೆದರಿಕೆಯಲ್ಲಿ ಹೇಳುವ ಮಾತು ಅದು. ಹೆದರಿಕೆಗೆ ಕಾರಣವಿದೆ, ಒಪ್ಪೋಣ. ಆದರೆ ಹೆದರಿಕೆಯಿಂದ ಹೇಳಿದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಮಂಗಳೂರಿನ ರೊಸಾರಿಯೊ ಇಗರ್ಜಿಯ ಕಥೆಯನ್ನು ಇಲ್ಲಿ ಬರೆಯುತ್ತಿರುವುದು ಈ ಕಾರಣಕ್ಕೆ.

ನಮ್ಮ ಕಡೆಯವರಿಗೆ ಚರ್ಚೆಂದರೆ ಬೆಳಗಾವಿ ಕ್ಯಾಂಪಿನ ಚರ್ಚು. ಅದರಾಚೆ ಕ್ರೈಸ್ತರ ಬದುಕು ನಮಗೆ ಗೊತ್ತಿಲ್ಲ. ಬೆಳಗಾವಿ ಧರ್ಮಪ್ರಾಂತ ಆದದ್ದೇ 1953ರಲ್ಲಿ. ಮಂಗಳೂರಿನದು ಹಾಗಲ್ಲ. ಅಲ್ಲಿ ನಾಲ್ಕೂವರೆ ನೂರು ವರ್ಷಗಳ ಲೆಕ್ಕವಿದೆ.

1568ರಲ್ಲಿ ಗೋವೆಯ ಪೋರ್ಚುಗೀಸ್ ವೈಸ್‌ರಾಯ್ ಅಂತಾವೊ ದೆ ನೊರೊನ್ಹಾ ಹಡಗುಗಳೊಂದಿಗೆ ಮಂಗಳೂರಿನ ಮೇಲೆ ಬಿದ್ದು ಅಲ್ಲೊಂದು ಕೋಟೆ ಕಟ್ಟಿಸಿದ. ಜಪಮಾಲೆಯ ಮಾತೆಯ ಹೆಸರಿನ ಇಗರ್ಜಿ ಹುಟ್ಟಿದ್ದು ಆ ಕೋಟೆಯ ಜೊತೆಗೆ. ಅಂದರೆ ಅದು ತೋಪಿನ ನೆರಳಿನಲ್ಲಿ ಹುಟ್ಟಿದ ದೇವರ ಮನೆ. ಅದೇ ಪೋರ್ಚುಗೀಸರು ಕರಾವಳಿಯ ಮುಸ್ಲಿಮ್ ವ್ಯಾಪಾರಿಗಳ ಹಡಗುಗಳಿಗೆ ತಮ್ಮ ರಹದಾರಿ ಇಲ್ಲದೆ ಸಮುದ್ರಕ್ಕಿಳಿಯಲು ಬಿಡುತ್ತಿರಲಿಲ್ಲ. ಉಳ್ಳಾಲದ ರಾಣಿ ಅಬ್ಬಕ್ಕ ಅವರಿಗೆ ಕಪ್ಪ ಕೊಡಲು ಒಪ್ಪದೆ ಹೋರಾಡಿದಳು. ಅವಳ ಪಡೆಯಲ್ಲಿ ಮೊಗವೀರರೂ ಮಾಪಿಳ್ಳೆಗಳೂ ಇದ್ದರೆಂದು ತುಳುನಾಡು ಇಂದಿಗೂ ನೆನೆಯುತ್ತದೆ. 1695ರಲ್ಲಿ ಅರಬರು ಸಮುದ್ರದಿಂದ ಬಂದು ಮಂಗಳೂರಿಗೆ ಬೆಂಕಿ ಇಟ್ಟರು. ಅದೂ ಪೋರ್ಚುಗೀಸರ ಮೇಲಿನ ಸಿಟ್ಟಿಗೆ. ಕೋಟೆಯ ಇಗರ್ಜಿಯ ಮೇಲೆ ಕರಾವಳಿಗೆ ಪ್ರೀತಿ ಇರಬೇಕಿತ್ತೆಂದು ನಾವು ಹೇಳಲಾರೆವು.

ಆದರೆ ಆ ಇಗರ್ಜಿಗೆ ಬರುತ್ತಿದ್ದವರು ಬರಬರುತ್ತ ಬದಲಾದರು. ಇಲ್ಲೇ ನಾವು ಸ್ವಲ್ಪ ನಿಂತು ನೋಡಬೇಕು. ಗೋವೆಯಲ್ಲಿ 1560ರಲ್ಲಿ ಪೋರ್ಚುಗೀಸರು ಧರ್ಮವಿಚಾರಣೆಯ ನ್ಯಾಯಾಲಯ ತೆರೆದರು. ಹೊಸದಾಗಿ ಕ್ರೈಸ್ತರಾದವರು ಮನೆಯಲ್ಲಿ ಹಳೆಯ ಪದ್ಧತಿ ಇಟ್ಟುಕೊಂಡಿದ್ದಾರೆಯೇ ಎಂದು ಹುಡುಕಿ ದಂಡಿಸುವ ಕಚೇರಿ ಅದು. ಅದಕ್ಕೆ ಹೆದರಿ, ಬರ ತೆರಿಗೆಗಳಿಗೆ ಹೆದರಿ, 1683ರಲ್ಲಿ ಸಂಭಾಜಿಯ ಸೈನ್ಯ ಗೋವೆಗೆ ನುಗ್ಗಿದಾಗ ಅದಕ್ಕೂ ಹೆದರಿ ಕೊಂಕಣಿ ಮಾತಾಡುವ ಕುಟುಂಬಗಳು ಗಂಟುಮೂಟೆ ಹೊತ್ತು ದಕ್ಷಿಣಕ್ಕೆ ಇಳಿದವು. ಕೆಳದಿಯ ನಾಯಕರು ಅವರಿಗೆ ಜಾಗ ಕೊಟ್ಟರು. ಗದ್ದೆ ಮಾಡಲು ಬಲ್ಲ ಕೈಗಳು ಯಾವ ಅರಸನಿಗೆ ಬೇಡ? ಮಂಗಳೂರಿನ ಇನ್ನೊಂದು ಹೆಸರಾದ ಇಗರ್ಜಿ ಮಿಲಾಗ್ರಿಸ್ 1680ರಲ್ಲಿ ಎದ್ದದ್ದು ಕೆಳದಿಯ ರಾಣಿ ಚೆನ್ನಮ್ಮ ಕೊಟ್ಟ ಜಾಗದಲ್ಲಿ. ವೀರಶೈವ ರಾಣಿ ಕೊಟ್ಟ ನೆಲದಲ್ಲಿ ಕಥೋಲಿಕರ ದೇವರ ಮನೆ.

ಪೋರ್ಚುಗೀಸ್ ಸಿಪಾಯಿಗಳಿಗಾಗಿ ಕಟ್ಟಿದ ರೊಸಾರಿಯೊದಲ್ಲಿ ನೂರು ವರ್ಷ ಕಳೆಯುವಷ್ಟರಲ್ಲಿ ಮೊಣಕಾಲೂರುತ್ತಿದ್ದವರು ಪೋರ್ಚುಗೀಸರಿಂದಲೇ ತಪ್ಪಿಸಿಕೊಂಡು ಬಂದವರು. ಅವರು ಗೇಣಿಗೆ ಗದ್ದೆ ಮಾಡುವವರು, ಬಡಗಿಗಳು, ಸಣ್ಣ ವ್ಯಾಪಾರಿಗಳು. ಇಟ್ಟಿಗೆ ಸುಣ್ಣ ಪರಂಗಿಯದು, ಪ್ರಾರ್ಥನೆ ಈ ನೆಲದ್ದು.

1763ರಲ್ಲಿ ಕೆಳದಿ ರಾಜ್ಯ ಹೈದರಾಲಿಯ ಕೈಗೆ ಬಂತು, ಅದರೊಂದಿಗೆ ಮಂಗಳೂರು. 1768ರಲ್ಲಿ ಇಂಗ್ಲಿಷರು ಊರನ್ನು ಹಿಡಿದು ಕೆಲವೇ ತಿಂಗಳಲ್ಲಿ ಕಳೆದುಕೊಂಡರು. ಆಗಲೇ ಕ್ರೈಸ್ತರ ಮೇಲೆ ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಬಂದಿತ್ತು. ಆದರೂ ಹೈದರನ ಕಾಲದಲ್ಲಿ ಅದು ಸಮುದಾಯವನ್ನೇ ಎತ್ತಿಹಾಕುವ ಮಟ್ಟಕ್ಕೆ ಹೋಗಲಿಲ್ಲ. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಮತ್ತೆ ಮಂಗಳೂರನ್ನು ಹಿಡಿದ. ಟಿಪ್ಪು ಬಂದು ಮೇ ತಿಂಗಳಿನಿಂದ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್‌ನ ದಂಡು ಹಸಿವಿನಿಂದ, ರೋಗದಿಂದ ಕರಗಿತು. 1784ರ ಜನವರಿ 30ರಂದು ಕೋಟೆ ಶರಣಾಯಿತು.

ಮುಂದೆ ನಡೆದದ್ದನ್ನು ಸುತ್ತುಬಳಸದೆ ಹೇಳುವುದೇ ಮೇಲು. ಆ ವರ್ಷದ ಬೂದಿ ಬುಧವಾರದ ಸುಮಾರಿಗೆ ಕೆನರಾದ ಕ್ರೈಸ್ತರನ್ನು ಒಂದೇ ಹೊತ್ತಿಗೆ ಹಿಡಿಯಲಾಯಿತು. ಅವರ ಆಸ್ತಿ ಜಪ್ತಿಯಾಯಿತು. ಗಂಡಸರು, ಹೆಂಗಸರು, ಮಕ್ಕಳು, ಮುದುಕರೆನ್ನದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲಿ ಸತ್ತವರು ಬಹಳ. ಎಷ್ಟು ಮಂದಿಯನ್ನು ಒಯ್ದರು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಅಲ್ಲೇ ಸೆರೆಯಲ್ಲಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರ್ರಿ 30 ಸಾವಿರ ಎನ್ನುತ್ತಾನೆ. ಬೇರೆಯವರು 60 ಸಾವಿರ, ಅದಕ್ಕೂ ಹೆಚ್ಚು ಎನ್ನುತ್ತಾರೆ. 60 ಸಾವಿರ ಎಂಬ ಸಂಖ್ಯೆ ಟಿಪ್ಪುವಿನ ಆಸ್ಥಾನದ ಫಾರ್ಸಿ ಬರಹದಲ್ಲೂ ಬರುತ್ತದೆ. ಹಾಗಾಗಿ ಎಲ್ಲವೂ ಇಂಗ್ಲಿಷರ ಕಟ್ಟುಕಥೆ ಎಂಬ ನಮ್ಮ ಮಾತು ನಿಲ್ಲುವುದಿಲ್ಲ. ಯುವಕರನ್ನು ಮತಾಂತರಿಸಿ ‘ಅಹ್ಮದಿ’ ಎಂಬ ದಳಗಳಿಗೆ ಸೇರಿಸಿದರು. 27 ಇಗರ್ಜಿಗಳು ಕೆಡವಲ್ಪಟ್ಟವು ಎಂದು ಕಥೋಲಿಕರ ಲೆಕ್ಕ. ರೊಸಾರಿಯೊ ಹಾನಿಗೊಂಡಿತು, ಮಿಲಾಗ್ರಿಸ್ ಹೋಯಿತು. ಮೂಡುಬಿದಿರೆ ಹತ್ತಿರದ ಹೋಲಿ ಕ್ರಾಸ್ ಇಗರ್ಜಿಯನ್ನು ಚೌಟ ಅರಸರು ಉಳಿಸಿಕೊಂಡರಂತೆ. ಜೈನ ಅರಸರು.

ನಮಗೆ ಅತ್ಯಂತ ಕಹಿಯೆನಿಸುವ ವಿಷಯ ಬೇರೊಂದಿದೆ. ಎಂಟು ತಿಂಗಳಿಗೂ ಹೆಚ್ಚು ಕಾಲ ಟಿಪ್ಪುವಿನ ವಿರುದ್ಧ ನಿಂತ ಕ್ಯಾಂಪ್‌ಬೆಲ್‌ನ ದಂಡು ಶರಣಾದ ಮೇಲೆ ಸೈನಿಕ ಗೌರವದೊಂದಿಗೆ ಕೋಟೆಯಿಂದ ಹೊರಬಿದ್ದು ತಲಶ್ಶೇರಿಗೆ ಹೋಯಿತು. ಮಾರ್ಚ್ 11ರಂದು ಇಂಗ್ಲಿಷರೊಂದಿಗೆ ಮಂಗಳೂರು ಒಪ್ಪಂದವೂ ಆಯಿತು. ಆ ದಂಡಿಗೆ ನೆರವಾದರೆಂದು, ಅಕ್ಕಿ ಕೊಟ್ಟರೆಂದು, ದಾರಿ ತೋರಿದರೆಂದು ಆರೋಪ ಹೊತ್ತವರು ಮಾತ್ರ ಘಟ್ಟ ಹತ್ತಿದರು. ಅಕ್ಕಿ ಕೊಟ್ಟವರು ಇದ್ದಿರಬಹುದು. ಕೊಟ್ಟವರು ಕೆಲವರು, ನಡೆದವರು ಎಲ್ಲರೂ. ಕೆಲವರ ತಪ್ಪಿಗೆ ಎಲ್ಲರನ್ನೂ ಗುರಿ ಮಾಡುವುದೆಂದರೆ ಏನೆಂದು ಈ ದೇಶದಲ್ಲಿ ಇಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಒಡೆದ ಗುಮ್ಮಟದ ನೋವನ್ನೂ 1992ರ ಡಿಸೆಂಬರ್ 6ರ ನಂತರ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ.

ಟಿಪ್ಪು ಕಂಡದ್ದು ಕೋಟೆಯ ಇಗರ್ಜಿಯನ್ನು, ಪರಂಗಿಯ ಬಂಟರನ್ನು. ಅವನ ಕೈಗೆ ಸಿಕ್ಕದ್ದು ವಲಸೆ ಬಂದವರ ಇಗರ್ಜಿ.

ಕುರ್‌ಆನಿನ ಸೂರಾ ಹಜ್ಜ್‌ನ 40ನೇ ವಚನ ಆಶ್ರಮಗಳು, ಚರ್ಚುಗಳು, ಯಹೂದಿಗಳ ಪ್ರಾರ್ಥನಾಲಯಗಳು, ಮಸೀದಿಗಳು ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ, ಅಲ್ಲಾಹನ ನಾಮಸ್ಮರಣೆ ನಡೆಯುವ ಜಾಗಗಳೆಂದು ಹೆಸರಿಸುತ್ತದೆ. ನಜ್ರಾನಿನ ಕ್ರೈಸ್ತರು ಮದೀನಕ್ಕೆ ಬಂದಾಗ ಪ್ರವಾದಿಯವರು ಅವರಿಗೆ ಮಸೀದಿಯಲ್ಲೇ ಪ್ರಾರ್ಥಿಸಲು ಬಿಟ್ಟರೆಂದು ಸೀರತ್‌ನ ಗ್ರಂಥಗಳು ಹೇಳುತ್ತವೆ. ಈ ಅಳತೆಗೋಲು ನಮ್ಮಲ್ಲಿರುವಾಗ ಒಬ್ಬ ಅರಸನ ಯುದ್ಧನೀತಿಯನ್ನು ದೀನಿನ ಹೆಸರಿನಲ್ಲಿ ಹೊತ್ತು ತಿರುಗುವ ಅಗತ್ಯ ನಮಗೇನಿದೆ? ಟಿಪ್ಪು ಇಂಗ್ಲಿಷರ ವಿರುದ್ಧ ಕೊನೆಯ ದಿನದವರೆಗೆ ಕಾದಾಡಿ ಸತ್ತ. ಅದಕ್ಕೆ ಗೌರವ ಇದ್ದೇ ಇದೆ. ಆ ಗೌರವ ಉಳಿಯಲು ಮಂಗಳೂರಿನವರ ಅಜ್ಜಂದಿರನ್ನು ಸುಳ್ಳುಗಾರರನ್ನಾಗಿ ಮಾಡಬೇಕಿಲ್ಲ.

ಇನ್ನೊಂದು ಕಡೆಯ ಲೆಕ್ಕವೂ ಇದೆ. ಅದು ನಮ್ಮ ಸೀಮೆಗೇ ಸೇರಿದ್ದು. ಮೂರನೇ ಮೈಸೂರು ಯುದ್ಧದಲ್ಲಿ ಪರಶುರಾಮ ಭಾವು ಪಟವರ್ಧನನ ಸೇನೆ ನಮ್ಮ ಈ ಮಿರಜ, ತಾಸಗಾಂವ ಕಡೆಯಿಂದ ದಕ್ಷಿಣಕ್ಕೆ ಇಳಿಯಿತು. ಧಾರವಾಡಕ್ಕೆ ಮುತ್ತಿಗೆ ಹಾಕಿತು. 1791ರಲ್ಲಿ ಮರಾಠಾ ಸವಾರರು ಶೃಂಗೇರಿ ಮಠಕ್ಕೆ ನುಗ್ಗಿ ಲೂಟಿ ಮಾಡಿದರು. ಶಾರದೆಯ ಮೂರ್ತಿಯನ್ನು ಕಿತ್ತರು, ಜನರನ್ನು ಕೊಂದರು. ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ನಿಂತರು. ಮೂರ್ತಿಯ ಪುನಃಪ್ರತಿಷ್ಠೆಗೆ ಹಣ, ಧಾನ್ಯ ಕಳುಹಿಸಿದ್ದು ಟಿಪ್ಪು. ಅವನು ಸ್ವಾಮಿಗಳಿಗೆ ಬರೆಸಿದ ಕನ್ನಡದ ಪತ್ರಗಳನ್ನು 1916ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ ಮಠದಲ್ಲಿ ಕಂಡುಹಿಡಿದರು. ಏಳು ವರ್ಷಗಳ ಅಂತರದಲ್ಲಿ ಒಬ್ಬನೇ ಅರಸ ಇಗರ್ಜಿಗಳನ್ನು ಕೆಡವಿಸಿದ್ದೂ ನಿಜ, ಮಠವನ್ನು ಎತ್ತಿ ನಿಲ್ಲಿಸಿದ್ದೂ ನಿಜ. ಒಂದರಿಂದ ಇನ್ನೊಂದನ್ನು ಅಳಿಸಲಾಗದು. ಶೃಂಗೇರಿಯ ಲೂಟಿಗೆ ಇಂದು ಮಿರಜದ, ಚಿಕ್ಕೋಡಿಯ ಯಾವ ಹಿಂದೂವೂ ಉತ್ತರ ಕೊಡಬೇಕೆಂದು ಯಾರೂ ಕೇಳುವುದಿಲ್ಲ. ಕೇಳಲೂಬಾರದು. 1799ರ ಮೇ 4ರಂದು ಟಿಪ್ಪು ಸತ್ತ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪರಶುರಾಮ ಭಾವು ಕೊಲ್ಲಾಪುರದವರೊಡನೆ ಕಾದಾಡುತ್ತ ಇಲ್ಲೇ ಪಟ್ಟಣಕುಡಿಯ ಬಳಿ ಬಿದ್ದ. ಹಿಂದೂ ಅರಸನ ವಿರುದ್ಧ ಹಿಂದೂ ಸರದಾರ. ಆ ಯುದ್ಧಗಳಿಗೆ ಈಗ ನಾವು ಹಚ್ಚುವ ಬಣ್ಣ ಆಗ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಕೆಲಸದ ಮೇಲೆ ಮಂಗಳೂರಿಗೆ ಹೋಗಿದ್ದೆವು. ಬಂದರಿನ ಝೀನತ್ ಬಕ್ಷ್ ಮಸೀದಿಯಲ್ಲಿ ಲುಹ್ರ್ ನಮಾಜು ಮಾಡಿದೆವು. ಮಾಲಿಕ್ ಬಿನ್ ದೀನಾರರ ಕಾಲದ್ದೆಂದು ಪ್ರತೀತಿ ಇರುವ ಮಸೀದಿ. ಕೆತ್ತನೆಯ ಮರದ ಕಂಬಗಳನ್ನು ನೋಡುತ್ತ ಕುಳಿತರೆ ಏಳಲು ಮನಸ್ಸಾಗುವುದಿಲ್ಲ. ಅದನ್ನು ಟಿಪ್ಪು ಜೀರ್ಣೋದ್ಧಾರ ಮಾಡಿಸಿದ್ದು 1784ರಲ್ಲಿ ಎನ್ನುತ್ತಾರೆ. ಇಸವಿ ಕೇಳಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಲ್ಲಿಂದ ರೊಸಾರಿಯೊಗೆ ಹೋದೆವು. ಅಂಗಳದಲ್ಲಿದ್ದ ಹಿರಿಯರೊಬ್ಬರು ನಮ್ಮ ಟೋಪಿ, ಗಡ್ಡ ನೋಡಿ, “ಎಲ್ಲಿಂದ ಬಂದದ್ದು ನೀವು?” ಎಂದರು.

“ಬೆಳಗಾವಿ ಕಡೆಯವರು ರೀ. ನೋಡೂಣು ಅಂತ ಬಂದೀವಿ.”

“ಬನ್ನಿ ಬನ್ನಿ. ಚಪ್ಪಲಿ ತೆಗೆಯಬೇಕೆಂದಿಲ್ಲ.” ಸ್ವಲ್ಪ ತಡೆದು, “ಟಿಪ್ಪುವಿನ ಸಂಗತಿ ಕೇಳಲಿಕ್ಕೆ ಬಂದದ್ದಾ?” ಎಂದರು.

ನಮ್ಮಲ್ಲಿ ಹಿರಿಯರು, “ಹೌದ್ರೀ, ಅದನ್ನ ಕೇಳಬೇಕಂತನ ಬಂದೀವಿ” ಎಂದುಬಿಟ್ಟರು. ಆ ಮನುಷ್ಯ ನಕ್ಕರು. ನಂತರ ಅರ್ಧ ಗಂಟೆ ನಮ್ಮೊಡನೆ ಕುಳಿತರು. ತಮ್ಮ ಅಜ್ಜಿ ಬೂದಿ ಬುಧವಾರ ಬಂತೆಂದರೆ ಸೆರೆಯ ಕಥೆ ಹೇಳುತ್ತಿದ್ದರಂತೆ. ಅಜ್ಜಿಯ ಕಥೆಯಲ್ಲಿ ಕೆಟ್ಟವರು ಇದ್ದಂತೆ ದಾರಿಯಲ್ಲಿ ಗಂಜಿ ಕೊಟ್ಟ ಒಬ್ಬ ಬ್ಯಾರಿಯೂ ಇದ್ದನಂತೆ. “ಅದು ನಿಜವಾ ಅಂತ ನನಗೆ ಗೊತ್ತಿಲ್ಲ. ಅಜ್ಜಿ ಹೇಳಿದ್ದು” ಎಂದರು. 2015ರಲ್ಲಿ ಸರಕಾರ ಟಿಪ್ಪು ಜಯಂತಿ ಶುರು ಮಾಡಿದಾಗ ಇಲ್ಲಿನ ಕ್ರೈಸ್ತರಲ್ಲಿ ಕೆಲವರು ಬೇಡವೆಂದದ್ದು, 2019ರಲ್ಲಿ ಬಂದ ಸರಕಾರ ಅದನ್ನು ನಿಲ್ಲಿಸಿದ್ದು ಎರಡೂ ಮಾತಿಗೆ ಬಂದವು. “ನಮಗೆ ಜಯಂತಿ ಬೇಡ ಇತ್ತು. ಹಾಗಂತ ಅದನ್ನು ಹಿಡಿದು ನಿಮಗೆ ಹೊಡೆಯುವವರೂ ಬೇಡ. ಅವರೇ 2008ರಲ್ಲಿ ನಮಗೆ ಹೊಡೆದದ್ದು” ಎಂದರು. ಆ ವರ್ಷ ಸೆಪ್ಟೆಂಬರ್ 14ರಂದು ಮಂಗಳೂರಿನ ಸುತ್ತಮುತ್ತ ಚರ್ಚುಗಳ ಮೇಲೆ ದಾಳಿ ನಡೆದದ್ದು ಓದುಗರಿಗೆ ನೆನಪಿರಬಹುದು.

ಈಗ ನಿಂತಿರುವ ಕಟ್ಟಡ ಟಿಪ್ಪುವಿನ ಕಾಲದ್ದೂ ಅಲ್ಲ, ಪೋರ್ಚುಗೀಸರ ಕಾಲದ್ದೂ ಅಲ್ಲ. ಸೆರೆಯಿಂದ ಬಂದವರು 1813ರಲ್ಲಿ ಮತ್ತೆ ಕಟ್ಟಿದ್ದು ಒಂದು. ಹತ್ತೊಂಬತ್ತನೇ ಶತಮಾನದಲ್ಲಿ ಅದು ಕೆಥೆಡ್ರಲ್, ಅಂದರೆ ಬಿಷಪರ ಪೀಠವಿರುವ ಇಗರ್ಜಿಯಾಯಿತು. ಜನ ಹೆಚ್ಚಿ ಅದೂ ಸಾಲದೆ ಹೋದಾಗ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಯೇಸುಸಭೆಯ ಪಾದ್ರಿಗಳ ಕಾಲದಲ್ಲಿ ಈಗಿನ ಗುಮ್ಮಟದ ಕಟ್ಟಡ ಎದ್ದಿತು. ಮನಿಲಾದ ಕೆಥೆಡ್ರಲ್ ಕೂಡ ಹೀಗೆಯೇ. ಸ್ಪೇನಿನವರು ಹಾಕಿದ ಬುನಾದಿ, 1945ರ ಯುದ್ಧದಲ್ಲಿ ಪುಡಿಯಾಗಿ 1958ರಲ್ಲಿ ಫಿಲಿಪೀನಿಯರ ಕೈಯಲ್ಲಿ ಮತ್ತೆ ಎದ್ದದ್ದು. ಪರದೇಶದವರು ಕಟ್ಟಿದ ದೇವರ ಮನೆ ಆ ಊರಿನವರದ್ದಾಗುವುದು ಬಹುಶಃ ಎರಡನೇ ಸಲ ಕಟ್ಟುವಾಗ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯವರಿಗೆ ಬಿಡುಗಡೆಯಾಯಿತು. ಹದಿನೈದು ವರ್ಷದ ಸೆರೆ. ಹೋದವರಲ್ಲಿ ಬದುಕಿ ಮರಳಿದವರು ಸಣ್ಣ ಪಾಲು. ಮೊದಲು ಅವರು ನೆಲ, ಮನೆ ಹುಡುಕಿಕೊಂಡರು. ಇಗರ್ಜಿಗೆ ಕೈ ಹಾಕುವಷ್ಟರಲ್ಲಿ ಮತ್ತೆ ಹದಿನಾಲ್ಕು ವರ್ಷ ಕಳೆದಿತ್ತು. ಸುಲ್ತಾನನ ಕಾಲದಲ್ಲಿ ಇಸ್ಲಾಮಿಗೆ ಸೇರಿಸಲ್ಪಟ್ಟವರಲ್ಲಿ ಕೆಲವರನ್ನು ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ ಶ್ರೀರಂಗಪಟ್ಟಣದ ಸುತ್ತ ಮರಳಿ ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಂಡರು. ಎಲ್ಲರೂ ಮರಳಿರಲಿಕ್ಕಿಲ್ಲ. ಎಳೆಯ ವಯಸ್ಸಿನಲ್ಲಿ ಘಟ್ಟ ಹತ್ತಿ, ಅಲ್ಲೇ ಬೆಳೆದು, ಅಲ್ಲೇ ನಿಕಾಹ್ ಆಗಿ, ಹಿಂದಿರುಗಲು ಊರಿನ ಹೆಸರೂ ನೆನಪಿಲ್ಲದವರು ಇದ್ದಿರಬೇಕು. ಅವರ ಮಕ್ಕಳ ಮಕ್ಕಳು ಇಂದು ಯಾವ ಊರಿನಲ್ಲಿ, ಯಾವ ಸಾಲಿನಲ್ಲಿ, ನಮ್ಮ ಭುಜಕ್ಕೆ ಭುಜ ತಾಗಿಸಿ ನಮಾಜಿಗೆ ನಿಲ್ಲುತ್ತಿದ್ದಾರೋ.