ನೀವು ಕೇಳಲಿಲ್ಲವಲ್ಲ

ಮೊಬೈಲಿನಲ್ಲಿ ಫೋಟೋ ನೋಡಿ ಹಳೆ ಸೈಕಲ್ ಕೊಂಡವರು, ನಾಲ್ಕು ದಿನ ತುಳಿದ ಮೇಲೆ ಅದರ ಕುಂದು ಗೊತ್ತಾಗಿ ಮಾರಿದವರಿಗೆ ಫೋನ್ ಮಾಡಿದರೆ ಬರುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದು. ‘ನಮ್ಮ ಹತ್ತಿರ ಇದ್ದಾಗ ಚೆನ್ನಾಗೇ ಇತ್ತು’ ಎನ್ನುವುದು ಒಂದು. ‘ನೀವು ಕೇಳಲಿಲ್ಲವಲ್ಲ’ ಎನ್ನುವುದು ಇನ್ನೊಂದು. ಮೊದಲನೆಯದು ನಿಜವೂ ಇರಬಹುದು. ಸೈಕಲ್ ಎಂದಾದರೊಂದು ದಿನ ಕೆಡಲೇಬೇಕು, ಆ ದಿನ ಕೊಂಡವರ ಪಾಲಿಗೇ ಬಂದಿರಬಹುದು. ಎರಡನೆಯ ಉತ್ತರದಲ್ಲಿ ಅಂಥ ಸಂಶಯಕ್ಕೆ ಜಾಗವಿಲ್ಲ. ಗೊತ್ತಿತ್ತು, ಆದರೂ ಹೇಳಲಿಲ್ಲ ಎಂಬ ಒಪ್ಪಿಗೆ ಅದರೊಳಗೇ ಇದೆ. ಹಾಗಿದ್ದೂ ಈ ಮಾತಾಡುವವರ ದನಿಯಲ್ಲಿ ಅಳುಕು ಕಾಣುವುದಿಲ್ಲ, ಏಕೆಂದರೆ ಕೊಳ್ಳುವವರು ಕಣ್ಣಿಟ್ಟು ಕೊಳ್ಳಬೇಕು, ಮಾರುವವರು ಬಾಯಿ ಬಿಡಬೇಕಾಗಿಲ್ಲ ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಈ ತಿಳಿವಳಿಕೆ ಫೋನಿನ ವ್ಯಾಪಾರಕ್ಕೆ ಹೊಂದುವುದಿಲ್ಲ ಎಂದು ನಾನು ನಂಬಿದ್ದೇನೆ. ಫೋಟೋ ಹಾಕಿ ಮಾರುವವರು ಅಂಗಡಿಯವರಲ್ಲದಿದ್ದರೂ, ಒಂದೇ ಒಂದು ಸೈಕಲ್ ಮಾರುವ ಮನೆಯವರಾದರೂ, ತಮಗೆ ಗೊತ್ತಿರುವ ದೋಷವನ್ನು ಕೇಳುವ ಮೊದಲೇ ಹೇಳಬೇಕು.

ಕೊಳ್ಳುವವರೇ ನೋಡಿಕೊಳ್ಳಬೇಕೆಂಬ ನಿಯಮ ಹುಟ್ಟಿದ್ದು ಅನ್ಯಾಯದ ಬುದ್ಧಿಯಿಂದಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲೋ ಮುಡುಕುತೊರೆಯ ಜಾತ್ರೆಯಲ್ಲೋ ಎತ್ತು ಕೊಳ್ಳಲು ಬಂದ ರೈತರನ್ನು ನೋಡಿದವರಿಗೆ ಇದು ಗೊತ್ತು. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ; ಹಾಲುಹಲ್ಲೋ, ಎರಡು ಹಲ್ಲೋ, ಆರು ಹಲ್ಲೋ, ಬಾಯಿಗೂಡಿದೆಯೋ ಎಂಬುದರಲ್ಲಿ ವಯಸ್ಸು ತಿಳಿಯುತ್ತದೆ. ಸುಳಿ ನೋಡುತ್ತಾರೆ, ಕಾಲೆತ್ತಿ ಗೊರಸು ನೋಡುತ್ತಾರೆ, ಹೆಗಲ ಮೇಲೆ ಕೈಯಾಡಿಸಿ ನೊಗದ ಹುಣ್ಣು ಇದೆಯೇ ಎಂದು ತಡವುತ್ತಾರೆ, ಹತ್ತು ಹೆಜ್ಜೆ ನಡೆಸಿ ಕುಂಟುತ್ತದೆಯೇ ಎಂದು ಹಿಂದಿನಿಂದ ಗಮನಿಸುತ್ತಾರೆ. ಇಷ್ಟಾದ ಮೇಲೆಯೇ ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು. ಅಲ್ಲಿ ಬೆಲೆ ಮಾತ್ರ ಗುಟ್ಟು, ಎತ್ತು ಪೂರ್ತಿ ಬಯಲಲ್ಲಿ ನಿಂತಿರುತ್ತದೆ. ಮಾರುವವರೂ ಕೊಳ್ಳುವವರೂ ದನ ಕಟ್ಟಿದವರೇ, ಇಬ್ಬರ ಅನುಭವವೂ ಹೆಚ್ಚು ಕಡಿಮೆ ಸಮ. ಅಂಥ ಕಡೆ ‘ನೋಡಿಕೊಂಡು ಒಯ್ಯಿ’ ಎಂದರೆ ಅದು ನ್ಯಾಯವೇ. ಫೋನಿನ ಮಾರುಕಟ್ಟೆಯಲ್ಲಿ ಇದು ತಲೆಕೆಳಗಾಗಿದೆ. ಬೆಲೆ ಊರಿಗೆಲ್ಲ ಕಾಣುವಂತೆ ದಪ್ಪಕ್ಷರದಲ್ಲಿದೆ. ಟವೆಲಿನ ಮರೆಗೆ ಹೋಗಿರುವುದು ಸರಕು.

ಮರೆ ಎಂದರೆ ಎಷ್ಟು ಮರೆ ಎಂಬುದನ್ನು ಸೈಕಲ್ಲಿನ ಫೋಟೋ ಮುಂದಿಟ್ಟುಕೊಂಡೇ ನೋಡಬೇಕು. ಕಾಂಪೌಂಡಿಗೆ ಒರಗಿಸಿ, ಚೈನಿನ ಬದಿ ಕಾಣುವಂತೆ, ಆರೇಳು ಅಡಿ ದೂರದಿಂದ ತೆಗೆದ ಚಿತ್ರ ಅದು. ನಿಂತ ಚಕ್ರ ಯಾವಾಗಲೂ ದುಂಡಗೇ ಕಾಣುತ್ತದೆ. ಅದು ಔಟ್ ಆಗಿದೆಯೇ ಎಂದು ತಿಳಿಯಬೇಕಾದರೆ ಎತ್ತಿ ತಿರುಗಿಸಿ, ರಿಮ್ಮು ಬ್ರೇಕಿನ ರಬ್ಬರಿನತ್ತ ಓಲಾಡುತ್ತದೆಯೇ ಎಂದು ನೋಡಬೇಕು. ಮುಂದಿನ ಬ್ರೇಕ್ ಒತ್ತಿ ಹಿಡಿದು ಹ್ಯಾಂಡಲನ್ನು ಹಿಂದೆ ಮುಂದೆ ಜಗ್ಗಿದರೆ ಕಟಕಟ ಎನ್ನುತ್ತದೆಯೇ, ಪೆಡಲಿನ ತೋಳು ಅಡ್ಡಡ್ಡ ಅಲ್ಲಾಡುತ್ತದೆಯೇ, ಇವೆಲ್ಲ ಕೈಗೆ ತಿಳಿಯುವ ಸಂಗತಿಗಳು. ಚೈನಿನ ಸವೆತವಂತೂ ಬರಿಗಣ್ಣಿಗೂ ಸುಲಭಕ್ಕೆ ಸಿಗುವುದಿಲ್ಲ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವೆ ಹಿಡಿದರೆ, ಅಲ್ಲಿಂದ 24ನೆಯ ಪಿನ್ನು ಸರಿಯಾಗಿ 12ನೆಯ ಇಂಚಿನ ಗೆರೆಯ ಮೇಲೆ ಕೂರಬೇಕು. ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಆಚೆ ಹೋಗಿದ್ದರೆ ಚೈನು ಬದಲಿಸುವ ಹೊತ್ತು ಬಂದಿದೆ. ಎಂಟನೆಯ ಒಂದು ಭಾಗದಷ್ಟು ಹೋಗಿದ್ದರೆ ಹಿಂದಿನ ಹಲ್ಲಿನ ಚಕ್ರಗಳೂ ಸವೆದಿರುತ್ತವೆ. ಹೊಸ ಚೈನು ಹಾಕಿದರೂ ಅವುಗಳ ಮೇಲೆ ಜಾರುತ್ತದೆ. ಈ ಜಾರುವಿಕೆ ಮನೆಯ ಮುಂದಿನ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಗೊತ್ತೇ ಆಗದಿರಬಹುದು. ದಿಬ್ಬ ಏರುವಾಗ ಸೀಟಿನಿಂದೆದ್ದು ಪೂರ್ತಿ ಭಾರ ಹಾಕಿ ತುಳಿದಾಗ ಕಾಲಡಿಯ ಪೆಡಲು ಸರ್ರನೆ ಕುಸಿಯುತ್ತದೆ, ಹಿಂದಿನಿಂದ ಬಸ್ಸು ಬರುತ್ತಿರುತ್ತದೆ.

ಇದಕ್ಕಿಂತ ಕೆಟ್ಟದ್ದು ಫ್ರೇಮಿನ ಬಿರುಕು. ಹ್ಯಾಂಡಲ್ ಕೂರುವ ಗಿಡ್ಡ ಕೊಳವೆಗೆ ಕೆಳಗಿನ ದಪ್ಪ ಕೊಳವೆ ಬೆಸೆದಿರುವ ಜಾಗದಲ್ಲಿ, ವೆಲ್ಡಿಂಗಿನ ಅಂಚಿಗೆ ಹೊಂದಿಕೊಂಡಂತೆ, ಕೂದಲೆಳೆಯಷ್ಟು ಕಪ್ಪು ಗೆರೆಯೊಂದು ಕಾಣುತ್ತದೆ. ಮೇಲುನೋಟಕ್ಕೆ ಬಣ್ಣ ತರಚಿದ ಗುರುತಿನಂತೆಯೇ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಉಗುರು ಆಡಿಸಿದರೆ ಉಗುರು ಅಲ್ಲಿ ತಡೆಯುತ್ತದೆ. ಉಕ್ಕಿನ ಫ್ರೇಮಾದರೆ ಊರಿನ ವೆಲ್ಡಿಂಗ್ ಶಾಪಿನಲ್ಲಿ ಬೆಸೆಸಿ ಓಡಿಸಿದವರು ಎಷ್ಟೋ ಮಂದಿ ಇದ್ದಾರೆ. ಈಗಿನ ಗೇರ್ ಸೈಕಲ್ಲುಗಳಲ್ಲಿ ಹೆಚ್ಚಾಗಿ ಬರುವುದು ಅಲ್ಯೂಮಿನಿಯಂ ಮಿಶ್ರಲೋಹ, ಅದರ ಸ್ವಭಾವ ಬೇರೆ. ಒಂದು ಮಿತಿಯೊಳಗಿನ ಹೊರೆಯನ್ನು ಎಷ್ಟು ಸಲ ಬೇಕಾದರೂ ತಾಳುವ ಗುಣ ಉಕ್ಕಿಗಿದೆ. ಅಲ್ಯೂಮಿನಿಯಮ್ಮಿಗೆ ಅಂಥ ಖಚಿತ ಮಿತಿ ಇಲ್ಲ, ಸಣ್ಣ ಸಣ್ಣ ಕುಲುಕಾಟವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಬಿರುಕು ಬಿಟ್ಟ ಮೇಲೆ ಬೆಸೆದರೂ, ಬೆಸುಗೆಯ ಕಾವಿಗೆ ಅಕ್ಕಪಕ್ಕದ ಲೋಹ ಮೆತ್ತಗಾಗಿ, ಮತ್ತೆ ಹದವಾಗಿ ಕಾಯಿಸದ ಹೊರತು ಮೊದಲಿನ ಬಲ ಬರುವುದಿಲ್ಲ. ಅಂಥ ಸೈಕಲ್ಲಿನ ಬೆಲೆ ಬಿಡಿಭಾಗಗಳ ಬೆಲೆ ಅಷ್ಟೇ, ಫ್ರೇಮು ಗುಜರಿಗೆ. ಆದರೆ ಅದೇ ಜಾಗಕ್ಕೆ ಬಣ್ಣದ ಸ್ಟಿಕ್ಕರ್ ಅಂಟಿಸಿ ಫೋಟೋ ತೆಗೆದರೆ ಪೂರ್ತಿ ಸೈಕಲ್ಲಿನ ಬೆಲೆ ಬರುತ್ತದೆ. ಕಾರಿಗೂ ಬೈಕಿಗೂ ಆರ್‌ಸಿ ಇದೆ, ವಿಮೆಯ ಕಾಗದವಿದೆ, ಎಷ್ಟು ಕೈ ಬದಲಾಗಿದೆ ಎಂಬ ದಾಖಲೆ ಇದೆ. ಸೈಕಲ್ಲಿಗೆ ಇರುವುದು ಪೆಡಲಿನ ಅಚ್ಚಿನ ಅಡಿಯಲ್ಲೋ ಎಲ್ಲೋ ಕೊರೆದ ಒಂದು ಫ್ರೇಮ್ ನಂಬರು ಮಾತ್ರ. ಅದು ಬಿದ್ದ ದಿನ, ಗುದ್ದಿಸಿಕೊಂಡ ದಿನ, ರಿಪೇರಿಯಾದ ದಿನ ಯಾವ ಕಾಗದದಲ್ಲೂ ಇಲ್ಲ. ಸೈಕಲ್ಲಿನ ಚರಿತ್ರೆ ಇರುವುದು ಅದನ್ನು ತುಳಿದವರ ನೆನಪಿನಲ್ಲಿ. ಆ ನೆನಪು ಬಾಯಿ ಮುಚ್ಚಿಕೊಂಡರೆ ಬೇರೆ ಯಾರನ್ನು ಕೇಳುವುದು?

ಕಾನೂನನ್ನು ಕೇಳಬಹುದು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಸರಕು ಬಳಕೆಗೆ ಯೋಗ್ಯವಾಗಿರಬೇಕೆಂಬ ತಾನೇ ತಾನಾದ ಷರತ್ತು ಅಂಥ ಸರಕಿನ ವ್ಯಾಪಾರ ಮಾಡುವವರಿಗೆ ಅನ್ವಯಿಸುತ್ತದೆ. ಮನೆಯ ಹಳೆ ಸೈಕಲ್ ಮಾರುವವರು ಅದರಿಂದ ಹೊರಗೆ. 2020ರ ಇ-ಕಾಮರ್ಸ್ ನಿಯಮಗಳೂ, ಸ್ವಂತ ನೆಲೆಯಲ್ಲಿ ಎಂದೋ ಒಮ್ಮೆ ಮಾರುವ ವ್ಯಕ್ತಿಯನ್ನು ಬಿಟ್ಟುಕೊಟ್ಟಿವೆ. ವರ್ಣನೆ ನೋಡಿ ಕೊಂಡ ಸರಕು ಆ ವರ್ಣನೆಗೆ ಹೊಂದಬೇಕೆಂಬ ಷರತ್ತು ಎಲ್ಲರಿಗೂ ಉಂಟು, ನಿಜ. ಆದರೆ ಜಾಹೀರಾತಿನಲ್ಲಿ ಬರೆದಿರುವುದು ‘ಗುಡ್ ಕಂಡೀಷನ್’ ಎಂಬೆರಡು ಮಾತಷ್ಟೇ ಆದಾಗ ಅದನ್ನು ಯಾವುದಕ್ಕೆ ಹೊಂದಿಸಿ ನೋಡುವುದು? ಉಳಿಯುವುದು 1872ರ ಭಾರತೀಯ ಕರಾರು ಕಾಯ್ದೆ. ಅದರ 17ನೆಯ ಸೆಕ್ಷನ್ನಿನಲ್ಲಿ, ಆ ಕಾಲಕ್ಕೆ ತಕ್ಕಂತೆ, ಕುದುರೆಯ ಉದಾಹರಣೆಗಳಿವೆ. ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಅದರ ರೋಗದ ಬಗ್ಗೆ ಸುಮ್ಮನಿದ್ದರೆ ಅದು ವಂಚನೆಯಲ್ಲ ಎನ್ನುತ್ತದೆ ಮೊದಲನೆಯದು. ‘ಕೇಳಲಿಲ್ಲವಲ್ಲ’ ಎನ್ನುವವರಿಗೆ ಇಷ್ಟು ಸಾಕೆನಿಸಬಹುದು, ಆದರೆ ಕಾಯ್ದೆ ಅಲ್ಲಿಗೆ ನಿಲ್ಲುವುದಿಲ್ಲ. ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳೇ ಆಗಿದ್ದರೆ, ಆ ಸಂಬಂಧದ ಕಾರಣಕ್ಕೇ ಹೇಳುವುದು ಅವನ ಕರ್ತವ್ಯವಾಗುತ್ತದೆ ಎನ್ನುತ್ತದೆ ಎರಡನೆಯದು. ‘ನೀನು ಇಲ್ಲವೆನ್ನದಿದ್ದರೆ ಕುದುರೆ ಸರಿಯಿದೆ ಎಂದುಕೊಳ್ಳುತ್ತೇನೆ’ ಎಂದು ಕೊಳ್ಳುವವನು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ ಎನ್ನುತ್ತದೆ ಮೂರನೆಯದು. ಇನ್ನು ಸ್ಟಿಕ್ಕರ್ ಅಂಟಿಸಿ ಮುಚ್ಚುವುದು ಬರಿಯ ಮೌನವೇ ಅಲ್ಲ, ಗೊತ್ತಿದ್ದೂ ಮರೆಮಾಚುವುದನ್ನು ಅದೇ ಸೆಕ್ಷನ್ನು ವಂಚನೆ ಎಂದೇ ಕರೆದಿದೆ. ಮಗಳ ಉದಾಹರಣೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವಲಂಬನೆ. ಎದುರಿನವರು ಬೇರೆ ದಾರಿಯಿಲ್ಲದೆ ನಿಮ್ಮನ್ನೇ ನಂಬಿರುವಾಗ ಮೌನಕ್ಕೆ ಬೇರೆಯೇ ಅರ್ಥ ಬರುತ್ತದೆ. ಮೂವತ್ತು ಕಿಲೋಮೀಟರು ದೂರದಿಂದ ಫೋಟೋ ನೋಡಿ ಮುಂಗಡ ಕಳಿಸುವವರೂ ಮಾರುವವರನ್ನು ಹೀಗೆಯೇ ನಂಬಿರುತ್ತಾರೆ. ನ್ಯಾಯಾಲಯ ಇಷ್ಟು ದೂರ ನನ್ನ ಜೊತೆ ಬರುತ್ತದೆಂದು ನಾನು ಹೇಳುತ್ತಿಲ್ಲ. ಆರು ಸಾವಿರದ ಸೈಕಲ್ಲಿಗಾಗಿ ಅಷ್ಟು ದೂರ ಹೋಗುವವರೂ ಇಲ್ಲ. ಅದಕ್ಕೇ ಇದು ಮಾರುವವರ ಮನಸ್ಸಿನಲ್ಲೇ ತೀರ್ಮಾನವಾಗಬೇಕಾದ ವಿಷಯ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವಿರುವಂಥವೂ ಇವೆ. ಮಾರುವವರಿಗೇ ದೋಷ ಗೊತ್ತಿಲ್ಲದಿದ್ದರೆ? ಮಗ ಕಾಲೇಜಿಗೆಂದು ಬೇರೆ ಊರಿಗೆ ಹೋದ ಮೇಲೆ ಎರಡು ವರ್ಷ ಬಾಲ್ಕನಿಯಲ್ಲಿ ನಿಂತ ಸೈಕಲ್ಲನ್ನು ಮಾರುವ ತಾಯಿಗೆ ಚೈನಿನ ಸವೆತದ ಲೆಕ್ಕ ಎಲ್ಲಿ ತಿಳಿದೀತು? ತಿಳಿಯಬೇಕಾಗಿಯೂ ಇಲ್ಲ. ನಾನು ಹೊರಿಸುತ್ತಿರುವುದು ಗೊತ್ತಿದ್ದುದನ್ನು ಹೇಳುವ ಹೊಣೆ ಮಾತ್ರ, ಪರೀಕ್ಷೆ ಮಾಡಿಸುವ ಹೊಣೆ ಅಲ್ಲ. ‘ಮಗ ಓಡಿಸುತ್ತಿದ್ದ, ಒಮ್ಮೆ ಬಿದ್ದಿದ್ದ, ಎರಡು ವರ್ಷದಿಂದ ನಿಂತಿದೆ, ಮತ್ತೇನೂ ನನಗೆ ಗೊತ್ತಿಲ್ಲ’ ಎಂದರೆ ಅದೇ ಪೂರ್ತಿ ಪ್ರಾಮಾಣಿಕವಾದ ವಿವರ. ಕೇಳಿದವರು ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡೇ ಬರುತ್ತಾರೆ. ಅಗ್ಗಕ್ಕೆ ಕೊಟ್ಟ ಮೇಲೆ ದೋಷವೂ ಆ ಬೆಲೆಯಲ್ಲೇ ಸೇರಿದೆ ಎಂದು ವಾದಿಸುವವರಿದ್ದಾರೆ. ದೋಷ ಇಬ್ಬರಿಗೂ ಗೊತ್ತಿದ್ದರೆ ಈ ವಾದ ನಿಲ್ಲುತ್ತದೆ. ಒಬ್ಬರಿಗೇ ಗೊತ್ತಿದ್ದಾಗ ಕೊಂಡವರು ಕೊಟ್ಟಿದ್ದು ಹಳೆ ಸೈಕಲ್ಲಿನ ಬೆಲೆ, ಸಿಕ್ಕಿದ್ದು ಮುರುಕು ಸೈಕಲ್ಲು. ಈ ಎರಡರ ನಡುವಿನ ಅಂತರ ಬೆಲೆಯಲ್ಲಿ ಎಲ್ಲೂ ಸೇರಿಲ್ಲ. ಬಂದು ನೋಡಿ, ತುಳಿದು ನೋಡಿಯೇ ಒಯ್ದರಲ್ಲ ಎನ್ನುವುದು ಇನ್ನೂ ಬಲವಾದ ಮಾತು, ಏಕೆಂದರೆ ಸಾಮಾನ್ಯ ಎಚ್ಚರದಿಂದ ನಿಜ ತಿಳಿಯಬಹುದಾಗಿದ್ದರೆ ಬರಿಯ ಮೌನವನ್ನು ನೆಪ ಮಾಡಿ ಕರಾರು ಮುರಿಯುವಂತಿಲ್ಲ ಎಂದು 19ನೆಯ ಸೆಕ್ಷನ್ನೂ ಹೇಳುತ್ತದೆ. ಆದರೆ ಸಾಮಾನ್ಯ ಎಚ್ಚರ ಎಂದರೆ ಯಾರ ಎಚ್ಚರ? ಸಂಜೆ ಏಳಕ್ಕೆ ಕೆಲಸ ಮುಗಿಸಿ ಬಂದು, ಅಪಾರ್ಟ್‌ಮೆಂಟಿನ ಪಾರ್ಕಿಂಗಿನ ಮಂದ ಬೆಳಕಿನಲ್ಲಿ, ಎದುರಿಗೆ ಮಾಲೀಕರು ನಿಂತಿರುವಾಗ ಐದು ನಿಮಿಷ ಸೈಕಲ್ ಮುಟ್ಟಿ ನೋಡುವ ಸೆಕ್ಯುರಿಟಿ ಗಾರ್ಡಿನ ಎಚ್ಚರ ಎಷ್ಟು ದೂರ ಹೋದೀತು? ಜಾತ್ರೆಯ ರೈತರಿಗೆ ಎತ್ತು ತಿಳಿದಷ್ಟು ನಮ್ಮಲ್ಲಿ ಹೆಚ್ಚಿನವರಿಗೆ ಸೈಕಲ್ ತಿಳಿಯದು.

ದೋಷ ಬರೆದರೆ ಯಾರೂ ಕೊಳ್ಳುವುದಿಲ್ಲ ಎಂಬ ಭಯ ಉಳಿಯುತ್ತದೆ, ಎಲ್ಲಕ್ಕಿಂತ ಹೆಚ್ಚು ಜನರ ಬಾಯಿ ಕಟ್ಟುವುದು ಅದೇ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದ ಪ್ರಬಂಧವನ್ನು ಇಲ್ಲಿ ನೆನೆಯಬೇಕು. ಈ ಬಗೆಯ ಚಿಂತನೆಗಾಗಿ 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅದರ ತಿರುಳನ್ನು ಸೈಕಲ್ಲಿಗೆ ಹಾಕಿ ನೋಡೋಣ. ಗಟ್ಟಿ ಸೈಕಲ್ಲಿಗೆ 8,000 ರೂಪಾಯಿ, ಒಳಗೆ ಕೆಟ್ಟದ್ದಕ್ಕೆ 2,000 ಎಂದಿಟ್ಟುಕೊಳ್ಳಿ. ಯಾವುದು ಯಾವುದೆಂದು ಕೊಳ್ಳುವವರಿಗೆ ತಿಳಿಯದಿದ್ದರೆ ಅವರು ನಡುವಿನ 5,000ಕ್ಕೆ ಕೇಳುತ್ತಾರೆ. ಆ ಬೆಲೆಗೆ ಗಟ್ಟಿ ಸೈಕಲ್ ಇಟ್ಟುಕೊಂಡವರು ಮಾರುವುದೇ ಇಲ್ಲ, ಕೆಟ್ಟದ್ದು ಇಟ್ಟುಕೊಂಡವರು ಖುಷಿಯಿಂದ ಮಾರುತ್ತಾರೆ. ಎರಡು ಮೂರು ಸಲ ಪೆಟ್ಟು ತಿಂದ ಜನ 5,000ವನ್ನೂ ಕೊಡದಾಗುತ್ತಾರೆ. ಜಾಹೀರಾತು ಹಾಕಿದ ಅರ್ಧ ಗಂಟೆಯಲ್ಲಿ ‘ಲಾಸ್ಟ್ ಪ್ರೈಸ್ ಎಷ್ಟು ಸರ್’ ಎಂದು ಅರ್ಧ ಬೆಲೆಗೆ ಕೇಳುತ್ತಾರೆಂದು ಮಾರುವವರು ರೇಗುತ್ತಾರಲ್ಲ, ಆ ಅರ್ಧ ಬೆಲೆಯಲ್ಲಿ ಮೊದಲಿನ ಯಾರದೋ ಮೌನದ ಪಾಲಿದೆ. ಸುಮ್ಮನಿದ್ದವರ ಸಾಲವನ್ನು ಸತ್ಯ ಹೇಳುವವರು ತೀರಿಸುತ್ತಿದ್ದಾರೆ. ಸೈಕಲ್ಲಿನ ಹೆಚ್ಚಿನ ದೋಷಗಳು ರಿಪೇರಿಯಾಗುವಂಥವೇ. ಕಡ್ಡಿ ಬಿಗಿಸಿ ಔಟ್ ತೆಗೆಯಬಹುದು, ಬೇರಿಂಗು ಹಾಕಿಸಬಹುದು, ಚೈನು ಬದಲಿಸಬಹುದು. ಬೆಲೆ ಕಳೆಯುವುದು ದೋಷಕ್ಕಿಂತ ಹೆಚ್ಚಾಗಿ, ಇನ್ನೂ ಏನೇನಿದೆಯೋ ಎಂಬ ಗುಮಾನಿ.

ಹೀಗಿದ್ದೂ ಸದ್ಯಕ್ಕೆ ಕೊಳ್ಳುವವರು ಕೇಳುವುದನ್ನು ಬಿಡುವಂತಿಲ್ಲ. ಬಿದ್ದಿದೆಯೇ, ಬಿರುಕು ಅಥವಾ ವೆಲ್ಡಿಂಗ್ ಇದೆಯೇ, ಬ್ರೇಕು ಗೇರು ಎಲ್ಲ ಹಿಡಿಯುತ್ತವೆಯೇ ಎಂದು ಮೆಸೇಜಿನಲ್ಲೇ ಕೇಳಿ, ಇಲ್ಲವೆನ್ನದಿದ್ದರೆ ಸರಿಯಿದೆ ಎಂದುಕೊಳ್ಳುತ್ತೇನೆ ಎಂದು ಕೊನೆಗೆ ಸೇರಿಸಿದರೆ ಕುದುರೆಯ ಮೂರನೆಯ ಉದಾಹರಣೆ ಅವರ ಬೆನ್ನಿಗಿರುತ್ತದೆ. ಆದರೆ ಹೀಗೆ ಕೇಳಲು ಬರುವುದು ಸೈಕಲ್ ಅಷ್ಟಿಷ್ಟು ಬಲ್ಲವರಿಗೆ. ಹೈಸ್ಕೂಲು ಸೇರಿದ ಮಗಳಿಗೆ ಮೊದಲ ಸೈಕಲ್ ಹುಡುಕುತ್ತಿರುವ ತಂದೆಗೆ, ಬಿರುಕು ಬಿಡುವ ಜಾಗ ಯಾವುದೆಂದೇ ಗೊತ್ತಿಲ್ಲದಿದ್ದರೆ, ಅಲ್ಲಿ ಬಿರುಕಿದೆಯೇ ಎಂದು ಕೇಳಲು ಹೊಳೆಯುವುದಿಲ್ಲ. ಅವರಿಗೆ ಬೇಕಾದ್ದು ಜಾಹೀರಾತಿನಲ್ಲೇ ಇರುವ ಒಂದು ಸಾಲು: ‘ಹಿಂದಿನ ಚಕ್ರ ಔಟ್ ಇದೆ, ಎರಡು ಕಡ್ಡಿ ಹೋಗಿವೆ, ಚೈನು ಹಳೆಯದು, ಫ್ರೇಮು ಫೋರ್ಕಿಗೆ ಪೆಟ್ಟಾಗಿಲ್ಲ.’ ಇಷ್ಟು ಬರೆಯಲು ಒಂದು ನಿಮಿಷ ಸಾಕು. ಓದಿದ ತಂದೆ ಪಕ್ಕದ ರಸ್ತೆಯ ಸೈಕಲ್ ಶಾಪಿನಲ್ಲಿ ಎರಡು ಕಡ್ಡಿಗೂ ಒಂದು ಚೈನಿಗೂ ಎಷ್ಟಾಗುತ್ತದೆಂದು ಮೊದಲೇ ವಿಚಾರಿಸಿಕೊಂಡು, ಅಷ್ಟನ್ನು ಬೆಲೆಯಲ್ಲಿ ಕಳೆದು ಕೇಳುತ್ತಾರೆ.